ಕೇಳಿ ಒಪ್ಪಿದೆ

"ಇದನ್ನ ನಾನು ಓದಲ್ಲ ಮಾವ..."

ಮಾತು ಹೊರಬಿದ್ದ ಮೇಲೆ ದೊಡ್ಡ ಸೊಸೆಗೆ ತಾನೇ ಹೀಗೆ ಅಂದೆನೇ ಎಂದು ಆಶ್ಚರ್ಯವಾಯಿತು. ಈ ಮನೆಗೆ ಬಂದ ಇಪ್ಪತ್ತಮೂರು ವರ್ಷಗಳಲ್ಲಿ ಮಾವ ಕೈಗಿಟ್ಟ ಯಾವ ಕಾಗದವನ್ನೂ ಅವಳು ಓದಲ್ಲ ಅಂದವಳಲ್ಲ. ಮಧ್ಯಾಹ್ನದ ಊಟ ಮುಗಿದಿತ್ತು, ತಟ್ಟೆಗಳು ಇನ್ನೂ ಮೇಜಿನ ಮೇಲೇ ಇದ್ದವು. ಮಾವ ಅವಳ ತುಟಿಗಳನ್ನೇ ದಿಟ್ಟಿಸಿ ನೋಡಿದರು. ಪಕ್ಕದಲ್ಲಿದ್ದ ಗಂಡ ನೀರಿನ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತ ಕುಳಿತ. ಮನೆಯಲ್ಲಿ ಮಾತು ಬಿಸಿಯಾದಾಗಲೆಲ್ಲ ಅವನಿಗೆ ಹೀಗೆ ಲೋಟವೋ ಚಮಚವೋ ಸಿಕ್ಕಿಬಿಡುತ್ತದೆ. ಪುಣ್ಯವಂತ!

"ಓದಲ್ಲ ಅಂದ್ರೆ?"

"ಉಳಿದಿದ್ದೆಲ್ಲ ಓದ್ತೀನಿ. ಆ ಒಂದು ಸಾಲು ಬೇಡ ಮಾವ. ನನ್ನ ಬಾಯಲ್ಲಿ ಅದು ಬೇಡ."

ಆ ಒಂದು ಸಾಲನ್ನು ಮಾವ ತಮ್ಮ ದುಂಡಗಿನ ಅಕ್ಷರಗಳಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. 'ಹೆತ್ತ ತಂದೆಗೇ ಆಗದವನು ಊರಿಗೆ ಆಗುತ್ತಾನೆಯೇ? ಮತದಾರರೇ, ಯೋಚಿಸಿ!' ಎದುರಾಳಿಯಾಗಿ ಚುನಾವಣೆಗೆ ನಿಂತ ಕಿರಿಯ ಮಗನ ಬಗ್ಗೆ ಇದನ್ನು ಬರೆದವರು ಆ ಹೆತ್ತ ತಂದೆಯೇ. ಓದಬೇಕಾದವಳು ಅವನನ್ನು ಸಾಕಿ ಬೆಳೆಸಿದ ಅತ್ತಿಗೆ...

"ನಿನ್ನ ಬಾಯಲ್ಲೇ ಬರ್ಬೇಕು!" ಮಾವ ಮೇಜು ಗುದ್ದಿದರು. "ಬೇರೆಯವರ ಬಾಯಲ್ಲಿ ಬಂದ್ರೆ ಯಾರೋ ಬೈತಿದಾರೆ ಅಂತಾರೆ. ನಿನ್ನ ಬಾಯಲ್ಲಿ ಬಂದ್ರೆ ಮನೆಯವರೇ ಅವನನ್ನ ಕೈಬಿಟ್ರು ಅಂತ ಊರಿಗೆ ಗೊತ್ತಾಗತ್ತೆ. ಇನ್ನೊಂದು ಮಾತು ತಿಳ್ಕೊಳ್ಳಿ, ಇಬ್ಬರೂ. ಫಲಿತಾಂಶ ಬರೋವರೆಗೆ ಅವನಿಗೆ ಅನುಕೂಲ ಆಗೋ ಒಂದೇ ಒಂದು ಕೆಲಸ ಈ ಮನೆಯೋರಿಂದ ಆದ್ರೂ, ಮಾಡಿದೋರು ಪೆಟ್ಟಿಗೆ ಕಟ್ಕೊಂಡು ಅವನ ಹಿಂದೆನೇ ಹೊರಡ್ಬೇಕು. ಸೊಸೆ ಅಂತ ನೋಡಲ್ಲ, ಮಗ ಅಂತಲೂ ನೋಡಲ್ಲ!"

ಗಂಡ ಲೋಟದಿಂದ ಕಣ್ಣೆತ್ತಲಿಲ್ಲ. ಅವಳು ಕಾಗದ ತೆಗೆದುಕೊಂಡಳು.

ಆ ಮನೆಯ ಕಸುಬು ಮೈಕ್ ಸೆಟ್ಟು. ಬೀದಿಗೆ ಮುಖಮಾಡಿ ಅಂಗಡಿ, ಹಿಂದೆ ಮನೆ, ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಕೋಣೆಯ ಗೋಡೆಗಳಿಗೆಲ್ಲ ಹಳೆಯ ಹಾಸಿಗೆಗಳನ್ನೂ ಕಂಬಳಿಗಳನ್ನೂ ಮೊಳೆ ಹೊಡೆದು ಬಿಗಿದು ರೆಕಾರ್ಡಿಂಗಿಗೆ ಒಗ್ಗಿಸಿಕೊಂಡಿದ್ದರು. ಫ್ಯಾನು ಹಾಕಿದರೆ ಅದರ ಸದ್ದೂ ಸೇರಿಕೊಳ್ಳುತ್ತದೆಂದು ಹಾಕುವಂತಿರಲಿಲ್ಲ. ಆ ಧಗೆಯಲ್ಲಿ ಕುಳಿತು, ಎರಡು ಗುಟುಕು ಬಿಸಿನೀರು ಕುಡಿದು, ಅವಳು ಓದಿದ್ದೇ ಊರಿಗೆ ಸುದ್ದಿ. ನಲ್ಲಿಯಲ್ಲಿ ನೀರು ಬರದ ದಿನ, ಲಸಿಕೆ ಹಾಕುವ ದಿನ, ಕಳೆದುಹೋದ ಮಗುವಿನ ಅಂಗಿಯ ಬಣ್ಣ, ಎಲ್ಲವೂ ಅವಳ ದನಿಯಲ್ಲೇ ಬೀದಿಬೀದಿ ಸುತ್ತಿದ್ದವು. ಊರು ಅವಳಿಗೆ ಇಟ್ಟ ಹೆಸರು ಮೈಕಕ್ಕ. ಮಾತು ಕಡಿಮೆಯ ಹೆಂಗಸಿಗೆ ಇಂಥ ಹೆಸರು! ಬರೆದು ಕೊಟ್ಟಿದ್ದನ್ನು ಬಿಟ್ಟು ತನ್ನದು ಅಂತ ಅವಳು ನಾಲ್ಕು ಮಾತು ಜೋರಾಗಿ ಆಡಿದ್ದನ್ನು ಯಾರೂ ಕೇಳಿರಲಿಲ್ಲ.

ಚುನಾವಣೆ ಬಂದರಂತೂ ಅವಳ ದನಿ ಎಂದರೆ ಕೊಡೆ, ಕೊಡೆ ಎಂದರೆ ಅವಳ ದನಿ. ರಾಜ್ಯವನ್ನು ಆಳುತ್ತಿದ್ದ ಪಕ್ಷದ ಗುರುತು ಕೊಡೆ. ಮಾವ ನಲವತ್ತು ವರ್ಷ ಆ ಪಕ್ಷಕ್ಕೆ ದುಡಿದವರು, ಅಧಿಕಾರದಲ್ಲಿದ್ದಾಗಲೂ ಇಲ್ಲದಾಗಲೂ. 'ನಿಮ್ಮ ಅಮೂಲ್ಯವಾದ ಮತವನ್ನು ಕೊಡೆಯ ಗುರುತಿಗೇ ನೀಡಿ' ಎಂಬ ಸಾಲನ್ನು ಅವಳು ಎಷ್ಟು ಸಾವಿರ ಸಲ ಹೇಳಿದ್ದಳೋ! ಆ ಪಕ್ಷ ಈಗ ಒಡೆದು ಹೋಳಾಗಿತ್ತು. ಮುಖ್ಯಮಂತ್ರಿಗೂ ಪಕ್ಷದ ಅಧ್ಯಕ್ಷರಿಗೂ ಹೊಂದಿಕೆಯಾಗದೆ, ಅರ್ಧ ಶಾಸಕರು ಆ ಕಡೆ, ಅರ್ಧ ಈ ಕಡೆ ಆಗಿ, ಸರ್ಕಾರ ಬಿದ್ದು, ಅವಧಿಗೆ ಮುಂಚೆಯೇ ಚುನಾವಣೆ ಬಂದಿತ್ತು. ಕೊಡೆ ತಮ್ಮದು ತಮ್ಮದು ಎಂದು ಎರಡೂ ಬಣ ಹಗ್ಗಜಗ್ಗಾಡಿದ್ದಕ್ಕೆ ಚುನಾವಣಾ ಆಯೋಗ ಕೊಡೆಯನ್ನು ಯಾರಿಗೂ ಇಲ್ಲದಂತೆ ತಡೆಹಿಡಿಯಿತು. ಮುಖ್ಯಮಂತ್ರಿಯ ಬಣಕ್ಕೆ ಕುರ್ಚಿ ಸಿಕ್ಕಿತು, ಅಧ್ಯಕ್ಷರ ಬಣಕ್ಕೆ ಕತ್ತರಿ. ಕುರ್ಚಿಗಾಗಿ ಕಚ್ಚಾಡಿದವರಿಗೆ ಕುರ್ಚಿ, ಕತ್ತರಿಸಿಕೊಂಡು ಹೋದವರಿಗೆ ಕತ್ತರಿ, ಆಯೋಗದಲ್ಲೂ ಯಾರೋ ತಮಾಷೆಯವರಿದ್ದಾರೆ ಎಂದು ಊರು ನಕ್ಕಿತು. ಈ ಮನೆಯಲ್ಲಿ ಮಾತ್ರ ಯಾರೂ ನಗಲಿಲ್ಲ.

ಯಾಕೆಂದರೆ ಮಾವ ಹಳೆಯ ಶಾಸಕರ ಜೊತೆ ಕುರ್ಚಿಯ ಕಡೆ ಉಳಿದರು. ಕತ್ತರಿಯವರಿಗೆ ಅಭ್ಯರ್ಥಿ ಬೇಕಿತ್ತು, ಪುರಸಭೆಯ ಸದಸ್ಯನಾಗಿದ್ದ ಕಿರಿಯ ಮಗನಿಗೆ ಟಿಕೆಟ್ ಕೊಟ್ಟುಬಿಟ್ಟರು. ಆ ಹುಡುಗನಿಗೆ ಎಂಟು ವರ್ಷವಿದ್ದಾಗ ಅವಳು ಮದುವೆಯಾಗಿ ಬಂದವಳು. ಅವನ ತಾಯಿ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅವಳಿಗೆ ಆಮೇಲೆ ಮಕ್ಕಳಾಗಲಿಲ್ಲ, ಆ ಕೊರಗು ಅರ್ಧ ತೀರಿದ್ದು ಈ ಮೈದುನನಿಂದಲೇ. ಜ್ವರ ಬಂದರೆ ಅವಳ ಮಡಿಲು, ಶಾಲೆಯಲ್ಲಿ ಪೆಟ್ಟು ತಿಂದರೆ ಅವಳ ಮಡಿಲು. ಅವಳಿಗೆ ಅವನು ಪುಟ್ಟ. ಮೂವತ್ತೊಂದು ವರ್ಷದ ಗಡ್ಡದವನನ್ನು ಪುಟ್ಟ ಎಂದು ಕರೆಯಬೇಡಿ ಅತ್ತಿಗೆ, ಕಾರ್ಯಕರ್ತರು ನಗ್ತಾರೆ ಎಂದು ಅವನೇ ಅಂದರೂ ಅವಳಿಗೆ ಬೇರೆ ಹೆಸರು ಬಾಯಿಗೆ ಬರುತ್ತಿರಲಿಲ್ಲ. ಟಿಕೆಟ್ ಸಿಕ್ಕ ದಿನವೇ ಅಪ್ಪನೂ ಮಗನೂ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಕೂಗಾಡಿದ್ದರು. ಅಂದು ಸಂಜೆಯೇ ಅವನು ಬಟ್ಟೆಬರೆ ತೆಗೆದುಕೊಂಡು ಎರಡು ಬೀದಿ ಆಚೆ ಬಾಡಿಗೆ ಕೋಣೆ ಹಿಡಿದಿದ್ದ.

ಅವಳು ರೆಕಾರ್ಡಿಂಗ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಅಂಗಡಿಗೊಂದು ನಿಯಮವಿತ್ತು. ಎಷ್ಟೋ ವರ್ಷದ ಹಿಂದೆ ಒಂದು ಸಂತಾಪ ಸಭೆಗೆ ತಪ್ಪು ಕ್ಯಾಸೆಟ್ ಹೋಗಿ, ಸತ್ತವರ ಫೋಟೋದ ಮುಂದೆ ಹಾಸ್ಯ ನಾಟಕದ ನಗು ಹತ್ತು ನಿಮಿಷ ಮೊಳಗಿತ್ತಂತೆ. ಅಂದಿನಿಂದ ಯಾವ ರೆಕಾರ್ಡಿಂಗೂ ಯಜಮಾನರು ಮೊದಲಿಂದ ಕೊನೆಯವರೆಗೆ ಕೇಳದೆ ಹೊರಗೆ ಹೋಗುವಂತಿಲ್ಲ. ಕೇಳಿದ ಮೇಲೆ ಒಂದು ಚೀಟಿಯಲ್ಲಿ 'ಕೇಳಿ ಒಪ್ಪಿದೆ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಅದರಲ್ಲೇ ಸುತ್ತಿ ಕೊಡಬೇಕು. ಊರಿನವರು ಆ ಚೀಟಿಯನ್ನು ನಂಬುತ್ತಿದ್ದರು. ಆದರೆ ಎರಡು ವರ್ಷಗಳಿಂದ ಮಾವ ಕೇಳದೆಯೇ ಸಹಿ ಹಾಕುತ್ತಿದ್ದರು. ಕೇಳಲು ಅವರಿಗೆ ಕಿವಿಯೇ ಇರಲಿಲ್ಲ. ನಲವತ್ತು ವರ್ಷ ಹಾರ್ನುಗಳ ಬಾಯಿಯ ಮುಂದೆ ನಿಂತು ನಿಂತು ಎರಡೂ ಕಿವಿ ಸವೆದುಹೋಗಿದ್ದವು. ಮೈಕ್ ಸೆಟ್ಟಿನ ಯಜಮಾನನೇ ಕಿವುಡನಂತೆ ಎಂದು ಗೊತ್ತಾದರೆ ಆರ್ಡರ್ ಯಾರು ಕೊಡುತ್ತಾರೆ? ಅದಕ್ಕೇ ಅವರು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ತಾಳಕ್ಕೆ ತಲೆಯಾಡಿಸಿ, ಸಹಿ ಮಾಡುತ್ತಿದ್ದರು. ಇದನ್ನು ಪತ್ತೆ ಹಚ್ಚಿದ್ದು ಅವಳೊಬ್ಬಳೇ. ಪತ್ತೆ ಹಚ್ಚಿದ್ದನ್ನು ಬಾಯಿಬಿಡಲಿಲ್ಲ. ಮಾವನ ಎದುರಿಗೇ ನಿಂತು ತುಟಿ ಕಾಣುವಂತೆ ಮಾತಾಡುವುದನ್ನು ರೂಢಿಮಾಡಿಕೊಂಡಳು. ಫೋನು ಬಂದರೆ ತಾನೇ ಎತ್ತಿಕೊಂಡು, ಎದುರು ಬಂದು ವಿಷಯ ಹೇಳುತ್ತಿದ್ದಳು. ತಾನು ಓದಿದ್ದನ್ನು ತಾನೇ ಎರಡೆರಡು ಸಲ ಕೇಳಿ, ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ಅವರ ಮುಂದಿಡುತ್ತಿದ್ದಳು. ಅವಳಿಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಇಬ್ಬರೂ ಆ ಮಾತನ್ನು ಎತ್ತಿದವರಲ್ಲ.

ಆವತ್ತು ಮಾತ್ರ ಅವಳಿಗೆ ಆಗಲಿಲ್ಲ. ಒಂದೇ ಉಸಿರಿಗೆ ಕಾಗದವನ್ನು ಓದಿ ಮುಗಿಸಿದಳು. ಗೆರೆ ಎಳೆದ ಆ ಸಾಲು ಬಂದಾಗ ದನಿ ನಡುಗಬಾರದೆಂದು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಳು, ದನಿ ನಡುಗಲಿಲ್ಲ. ಅದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. ಇಷ್ಟು ಚೆನ್ನಾಗಿ ಓದಿದೆನಲ್ಲ, ಪುಟ್ಟನನ್ನು ಇಷ್ಟು ಚೆನ್ನಾಗಿ ಬೈದೆನಲ್ಲ... ಆಮೇಲಿನ ಕೊನೆಯ ಎರಡು ಸಾಲುಗಳನ್ನು ಬಾಯಿ ತಾನೇ ಹೇಳಿ ಮುಗಿಸಿತು, ಮನಸ್ಸು ಅಲ್ಲಿರಲಿಲ್ಲ. ಇದನ್ನು ಇನ್ನೊಮ್ಮೆ ಹಾಕಿಕೊಂಡು ಕೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಕೇಳದೆಯೇ ಒಯ್ದು ಮಾವನ ಮುಂದಿಟ್ಟಳು. ಅವರು ಹೆಡ್‌ಫೋನ್ ಹಾಕಿಕೊಂಡು ತಲೆಯಾಡಿಸಿ 'ಕೇಳಿ ಒಪ್ಪಿದೆ' ಎಂದು ಬರೆದು, ಚೀಟಿ ಸುತ್ತಿ ಜೇಬಿಗೆ ಹಾಕಿಕೊಂಡರು. ಆಮೇಲೆ ಅವರಿಂದ ತೆಗೆದುಕೊಂಡು ಗಂಡ ಅದನ್ನು ಹನ್ನೆರಡು ಪೆನ್ ಡ್ರೈವಿಗೆ ಹಾಕಿಕೊಂಡ. ಅವನೂ ಕೇಳಿದ, ಇಲ್ಲವೆಂದಲ್ಲ. ಆದರೆ ಅವನಿಗೆ ಹೆಂಡತಿಯ ದನಿಯೆಂದರೆ ಬೇಸು ಎಷ್ಟು, ಟ್ರೆಬಲ್ ಎಷ್ಟು ಅಷ್ಟೇ.

ಮರುದಿನ ಬೆಳಿಗ್ಗೆ ಹನ್ನೆರಡು ಗಾಡಿಗಳು ಹನ್ನೆರಡು ದಿಕ್ಕಿಗೆ ಹೊರಟವು. ಅದರ ಮಾರನೆಯ ದಿನ ಅವಳು ತರಕಾರಿ ತರಲು ಹೋದಾಗ ಅಂಗಡಿಯ ಮುದುಕಿ ಬೊಚ್ಚುಬಾಯಿ ತುಂಬ ನಕ್ಕಳು.

"ಅಂತೂ ಕೊಡೆ ವಾಪಸ್ ಬಂತಲ್ಲ ಮೈಕಕ್ಕ! ನಿನ್ನೆಯಿಂದ ನೀನೇ ಕೂಗ್ತಿದೀಯ, ಕೊಡೆ ಗುರುತಿಗೇ ಹಾಕಿ ಅಂತ. ನಂಗಂತೂ ಆ ಕುರ್ಚಿ ಕತ್ತರಿ ತಲೆಗೇ ಹತ್ತಿರಲಿಲ್ಲ ನೋಡು."

ಅವಳು ಚೀಲವನ್ನು ಅಲ್ಲೇ ಇಟ್ಟು ಬೀದಿಗೆ ಬಂದಳು. ಬೀದಿಯ ತುದಿಯಲ್ಲಿ ಗಾಡಿಯೊಂದು ತಿರುಗುತ್ತಿತ್ತು. ಆವತ್ತಿನ ತನ್ನ ಓದನ್ನು ಅವಳು ಮೊದಲ ಬಾರಿಗೆ ನಿಂತು ಕೇಳಿದಳು. 'ಹೆತ್ತ ತಂದೆಗೇ ಆಗದವನು...' ಆಮೇಲೆ, ಕೊನೆಯಲ್ಲಿ, ಇಪ್ಪತ್ತಮೂರು ವರ್ಷದ ಅದೇ ರಾಗದಲ್ಲಿ, ಅದೇ ಭರವಸೆಯಲ್ಲಿ, 'ನಿಮ್ಮ ಅಮೂಲ್ಯವಾದ ಮತವನ್ನು ಕೊಡೆಯ ಗುರುತಿಗೇ ನೀಡಿ!' ಒಂದೂವರೆ ದಿನ ಹನ್ನೆರಡು ಡ್ರೈವರುಗಳು ಕೇಳಿದ್ದರು, ಪಕ್ಷದ ಕಚೇರಿಯವರು ಕೇಳಿದ್ದರು, ಸ್ವತಃ ಶಾಸಕರು ಕೇಳಿದ್ದರು. ಒಬ್ಬರ ಕಿವಿಗೂ ಅದು ತಪ್ಪೆನಿಸಿರಲಿಲ್ಲ. ಆ ದನಿಗೆ ಆ ಮಾತು ಅಷ್ಟು ಒಪ್ಪಿಹೋಗಿತ್ತು.

ಅವಳು ಓಡುತ್ತ ಮನೆ ಸೇರುವಷ್ಟರಲ್ಲಿ ಚುನಾವಣಾಧಿಕಾರಿಯ ಕಚೇರಿಯಿಂದ ನೋಟಿಸು ಬಂದಿತ್ತು. ತಡೆಹಿಡಿದ ಗುರುತನ್ನು ಬಳಸಿ ಮತದಾರರ ದಾರಿ ತಪ್ಪಿಸಿದ ಆರೋಪ, ನಾಳೆ ಹತ್ತು ಗಂಟೆಗೆ ವಿಚಾರಣೆ. ದೂರು ಕೊಟ್ಟವನು ಕತ್ತರಿ ಗುರುತಿನ ಅಭ್ಯರ್ಥಿ.

"ಮಾಡ್ಬಿಟ್ಟೆ ಅಲ್ವಾ!" ಮಾವ ನೋಟಿಸನ್ನು ಅವಳ ಮುಖದೆದುರು ಹಿಡಿದರು. "ಓದಲ್ಲ ಅಂತ ಹಟ ಮಾಡಿದೋಳು ಆಮೇಲೆ ತೆಪ್ಪಗೆ ಹೋಗಿ ಓದಿದಾಗಲೇ ನಂಗೆ ಅನುಮಾನ ಬರ್ಬೇಕಿತ್ತು. ಕೊಡೆ ಅಂತ ಕೂಗ್ಸಿ, ಅವನ ಕೈಲಿ ದೂರು ಕೊಡ್ಸಿ, ನಮ್ಮ ಗಾಡಿ ನಿಲ್ಲಿಸೋ ಉಪಾಯ! ಇಬ್ಬರೂ ಸೇರಿ ಹೂಡಿದ್ದು!"

"ಮಾವ, ಬಾಯಿ ತಪ್ಪಿ ಬಂತು... ದೇವರಾಣೆ..."

"ಇಪ್ಪತ್ತಮೂರು ವರ್ಷದಲ್ಲಿ ಒಂದು ದಿನ ತಪ್ಪದ ಬಾಯಿ ಈಗಲೇ ತಪ್ಪಿತಾ? ನಾನು ಹೇಳಿದ ಮಾತು ನೆನಪಿದೆ ತಾನೇ? ನಾಳೆ ವಿಚಾರಣೆ ಮುಗೀಲಿ."

ನೀವೇ ಕೇಳಿ ಸಹಿ ಹಾಕಿದ್ದೀರಲ್ಲ ಮಾವ ಎಂದು ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು, ಅವರ ಬಾಯಿ ಕಟ್ಟಿಹೋಗುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಗೂ ಬಂತು. ಮುದುಕರ ಮುಖ ನೋಡಿ ನುಂಗಿಕೊಂಡಳು. ಆ ಮುಖದಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಚುನಾವಣಾಧಿಕಾರಿಯ ಕೋಣೆ ಕಡತಗಳಿಂದ ತುಂಬಿ, ಕೂರಲು ನಾಲ್ಕೇ ಕುರ್ಚಿಗಳಿದ್ದವು. ಈ ಕಡೆ ಮಾವ, ಗಂಡ, ಗೋಡೆಗೆ ಒರಗಿ ಅವಳು. ಆ ಕಡೆ ಮೈದುನ, ಅವನ ಪಕ್ಕ ಕತ್ತರಿ ಬಣದ ವಕೀಲರು. ಮೈದುನ ಒಂದು ತಿಂಗಳಲ್ಲಿ ಇಳಿದುಹೋಗಿದ್ದ, ಅಂಗಿಯ ಕಾಲರಿನಲ್ಲಿ ಕುತ್ತಿಗೆ ಸಡಿಲವಾಗಿತ್ತು. ಊಟ ಮಾಡ್ತಾನೋ ಇಲ್ವೋ ಎಂದುಕೊಂಡಳು. ಅವನು ಇವಳತ್ತ ನೋಡದೆ ನೆಲ ನೋಡಿದ. ಅಧಿಕಾರಿ ವಾರದಿಂದ ನಿದ್ದೆ ಕಾಣದವರಂತೆ, ತಲೆಯೆತ್ತದೆ, ಕಾಗದಗಳ ಮೇಲೆಯೇ ಮಾತಾಡುತ್ತಿದ್ದರು. ಅದೇ ಗ್ರಹಚಾರ. ಅವರ ತುಟಿಯೇ ಮಾವನಿಗೆ ಕಾಣುತ್ತಿರಲಿಲ್ಲ.

"ಯಜಮಾನರೇ, ಈ ಚೀಟಿಯಲ್ಲಿರೋ ಸಹಿ ನಿಮ್ಮದೇನಾ?"

"ನಲವತ್ತೊಂದು ವರ್ಷ ಆಯ್ತು ಸಾರ್," ಅಂದರು ಮಾವ ಗಂಭೀರವಾಗಿ.

ಗುಮಾಸ್ತನೊಬ್ಬ ಕಿಸಕ್ಕನೆ ನಕ್ಕ. ಅಧಿಕಾರಿ ಕಾಗದ ತಿರುಗಿಸುತ್ತ ಮತ್ತೆ ಕೇಳಿದರು. "ರೆಕಾರ್ಡಿಂಗ್ ಪೂರ್ತಿ ಕೇಳಿಯೇ ಸಹಿ ಹಾಕಿದ್ರಾ ಅಂತ."

"ಹನ್ನೆರಡು ಗಾಡಿ ಸಾರ್. ಎಲ್ಲದಕ್ಕೂ ಪರವಾನಗಿ ಇದೆ."

ವಕೀಲರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ಕಣ್ಣಲ್ಲಿ ಏನೋ ಹೊಳೆಯಿತು. "ಸಾರ್, ಇವರಿಗೆ ಬಹುಶಃ ಕಿವಿ..."

"ಸಾರ್!" ಅವಳ ದನಿಗೆ ಕೋಣೆಯೇ ತಿರುಗಿ ನೋಡಿತು. ಯಾರೂ ಬರೆದುಕೊಡದ ಮಾತನ್ನು ಅವಳು ಇಷ್ಟು ಜೋರಾಗಿ ಆಡಿದ್ದು ಅದೇ ಮೊದಲು. "ನಮ್ಮ ಮಾವ ಕೇಳಿ ಸಹಿ ಹಾಕಿದ್ದು ಬೇರೆ ರೆಕಾರ್ಡಿಂಗಿಗೆ ಸಾರ್. ಅದರಲ್ಲಿ ಕುರ್ಚಿ ಅಂತಲೇ ಇತ್ತು. ಅವರು ಒಪ್ಪಿದ ಮೇಲೆ ನಾನು ಇನ್ನೊಂದು ಸಲ ಓದಿ ಬದಲಾಯಿಸಿಬಿಟ್ಟೆ. ಅವರದ್ದೇನೂ ತಪ್ಪಿಲ್ಲ. ಶಾಸಕರದ್ದೂ ತಪ್ಪಿಲ್ಲ."

ಅಧಿಕಾರಿ ಈಗ ತಲೆಯೆತ್ತಿದರು. "ಬೇಕಂತಲೇ ಮಾಡಿದ್ದೀರಾ ಅಮ್ಮಾ? ಯೋಚಿಸಿ ಹೇಳಿ. ನಿಮ್ಮ ಮೇಲೆ ಕೇಸಾಗತ್ತೆ."

"ಹೂಂ ಸಾರ್... ಬೇಕಂತಲೇ."

"ಯಾಕೆ?"

ಸುಳ್ಳು ಹೇಳಿ ಅಭ್ಯಾಸವಿದ್ದವರಿಗೆ ಕಾರಣವೂ ಜೊತೆಗೇ ಬರುತ್ತದೆ. ಇವಳಿಗೆ ಬಂದದ್ದು ನಿಜವೇ. "ಅವನು ನಾನು ಸಾಕಿದ ಹುಡುಗ ಸಾರ್. ಅವನನ್ನ ಬೈಯೋಕೆ ನಂಗೆ ಮನಸ್ಸಿರಲಿಲ್ಲ."

ಗಂಡ ಬಾಯಿ ತೆರೆದವನು ತೆರೆದೇ ಕುಳಿತ. ಮಾವ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಏನಾಯಿತು, ಏನಾಯಿತು ಎಂದು ಕಣ್ಣಲ್ಲೇ ಹುಡುಕಿದರು. ವಕೀಲರು ಗೆಲುವಾಗಿ ಪೆನ್ನು ತೆಗೆದರು. ಆಗ ಮೈದುನ ಎದ್ದು ನಿಂತ.

"ದೂರು ನನ್ನ ಹೆಸರಲ್ಲಿದೆ ಸಾರ್. ವಾಪಸ್ ತಗೋತೀನಿ."

"ತಲೆ ಕೆಟ್ಟಿದೆಯೇನ್ರೀ!" ವಕೀಲರು ಅವನ ತೋಳು ಹಿಡಿದು ಎಳೆದರು. "ಹನ್ನೆರಡು ಗಾಡಿ ನಿಂತರೆ ನೀವು ಗೆದ್ದ ಹಾಗೇ!"

"ಗೆಲ್ಲೋದು ಬೇರೆ ಥರ ನೋಡ್ಕೊಳ್ಳೋಣ," ಅಂದ ಅವನು. "ಇವರ ಮೇಲೆ ಕೇಸು ಹಾಕಿ ನಂಗೆ ಗೆಲ್ಲೋಕಾಗಲ್ಲ."

ಅಧಿಕಾರಿಗೂ ಸಾಕಾಗಿತ್ತು. ಅಂದು ಸಂಜೆ ಐದರೊಳಗೆ ಅದೇ ಗಾಡಿಗಳಲ್ಲಿ ಕ್ಷಮೆ ಕೇಳಿ ತಿದ್ದುಪಡಿ ಹೇಳಿಸಬೇಕು, ಇಲ್ಲವಾದರೆ ಪರವಾನಗಿ ರದ್ದು ಎಂದು ಬರೆದು ಸಹಿ ಹಾಕಿದರು. ಹೊರಗೆ ಮೆಟ್ಟಿಲಿಳಿಯುವಾಗ ಮೈದುನ ಅವಳ ಹಿಂದೆ ಬಂದ.

"ಯಾಕೆ ಸುಳ್ಳು ಹೇಳಿದ್ರಿ ಅತ್ತಿಗೆ?"

"ನಿನ್ನ ಹತ್ರ ನಾನು ಮಾತಾಡ್ಬಾರ್ದು, ಹೋಗೋ ಪುಟ್ಟ," ಅಂದಳು. ಎರಡು ಮೆಟ್ಟಿಲು ಇಳಿದ ಮೇಲೆ ತಿರುಗಿ ನೋಡಿದಳು. "ಹೊತ್ತೊತ್ತಿಗೆ ಊಟ ಮಾಡು."

ಮನೆಗೆ ಬಂದವಳು ನೇರ ಒಳಗೆ ಹೋಗಿ ಪೆಟ್ಟಿಗೆ ಇಳಿಸಿದಳು. ಅಳು ಬರಲಿಲ್ಲ. ಕಾಲು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಎಲ್ಲಾದರೂ ಹೋಗಿ ಎರಡು ದಿನ ಮಲಗಿದರೆ ಸಾಕೆನಿಸುತ್ತಿತ್ತು. ಅಣ್ಣನ ಮನೆಯಿದೆ, ಅಲ್ಲಿ ಎಷ್ಟು ದಿನ ಎಂದು ಕೇಳುವ ಮೊದಲು ಒಂದು ವಾರವಾದರೂ ಸುಮ್ಮನಿರುತ್ತಾರೆ. ನಡುಮನೆಯಲ್ಲಿ ಮಾವ ಮಗನನ್ನು ಕೇಳುವುದು ಕೇಳಿಸಿತು.

"ಅಲ್ಲಿ ಅವಳು ಏನಂದ್ಲು?"

"ನೀವೇ ಇದ್ರಲ್ಲ ಅಪ್ಪ."

"ಏನಂದ್ಲು ಹೇಳೋ!"

ಗಂಡ ಅಪ್ಪನತ್ತ ತಿರುಗಿದ. ಲೋಟ ಬಿಟ್ಟು ಅಪ್ಪನ ಮುಖವನ್ನು ಸರಿಯಾಗಿ ನೋಡಿದ್ದು ಅವನು ಅಂದೇ ಮೊದಲಿರಬೇಕು. ಆಮೇಲೆ ಗಂಟಲು ಹರಿಯುವಂತೆ ಕೂಗಿದ. "ನಿಮ್ಮ ಸಹಿ ಆದ್ಮೇಲೆ ತಾನೇ ಬದಲಾಯಿಸಿದೆ ಅಂದ್ಲು ಅಪ್ಪ! ಬೇಕಂತಲೇ ಮಾಡಿದೆ ಅಂದ್ಲು! ನಿಮ್ಮ ತಪ್ಪಿಲ್ಲ ಅಂದ್ಲು!"

ಸಹಿ ಹಾಕಿದ ಕ್ಷಣದಿಂದ ಮಗನ ಕೈಗೆ ಕೊಡುವವರೆಗೆ ಆ ರೆಕಾರ್ಡಿಂಗ್ ತಮ್ಮ ಅಂಗಿಯ ಜೇಬಿನಲ್ಲೇ ಇತ್ತೆಂಬುದು ಮಾವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಎದ್ದು ಬಂದು ಕೋಣೆಯ ಬಾಗಿಲಲ್ಲಿ ನಿಂತರು. ತೆರೆದ ಪೆಟ್ಟಿಗೆ ನೋಡಿದರು, ಮಡಿಸುತ್ತಿದ್ದ ಬಟ್ಟೆ ನೋಡಿದರು. ಈಗ ಹೇಳುತ್ತಾರೆ, ಬೇಡಮ್ಮಾ ಅನ್ನುತ್ತಾರೆ ಎಂದು ಅವಳು ಕೈ ನಿಲ್ಲಿಸಿ ಕಾದಳು. ಅವರು ತಿರುಗಿ ಹೊರಟುಹೋದರು!

ಇಷ್ಟೇನಾ? ಇಪ್ಪತ್ತಮೂರು ವರ್ಷಕ್ಕೆ ಇಷ್ಟೇನಾ? ಆಗ ಬಂತು ಅಳು. ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತಳು. ಅತ್ತು ಮುಗಿಸಿ ಮುಖ ತೊಳೆದು, ಪೆಟ್ಟಿಗೆಯನ್ನು ಎತ್ತಿಕೊಂಡು ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ಅಂಗಡಿಯ ಮಾಳಿಗೆಯ ಮೇಲಿನ ಹಾರ್ನು ಕಿರ್ರ್ ಎಂದು ಕಿರುಚಿತು. ಮೈಕನ್ನು ಬಾಯಿಗೆ ತೀರಾ ಹತ್ತಿರ ಹಿಡಿದವರು ಯಾರೋ. ಹೊಸಬರು ಮಾಡುವ ತಪ್ಪು.

"ಊರಿನವರೇ..."

ಮಾವ! ನಲವತ್ತೊಂದು ವರ್ಷ ಊರಿಗೆಲ್ಲ ಮೈಕು ಕೊಟ್ಟು, ಒಮ್ಮೆಯೂ ತಾವೇ ಅದರಲ್ಲಿ ಮಾತಾಡದ ಮನುಷ್ಯ. ಒರಟು ದನಿ, ಬೇಕಾದ್ದಕ್ಕಿಂತ ಎರಡು ಪಟ್ಟು ಜೋರು. ಪಕ್ಕದ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬಂದ.

"ನಿನ್ನೆ ಮೊನ್ನೆ ಗಾಡಿಗಳಲ್ಲಿ ಕೊಡೆಯ ಗುರುತು ಅಂತ ಹೇಳಿದ್ದು ತಪ್ಪು. ಕೊಡೆ ಈಗ ಯಾರದ್ದೂ ಅಲ್ಲ. ತಪ್ಪು ನನ್ನದು. ನಾನು ಕೇಳದೆ ಸಹಿ ಹಾಕಿದೆ. ಎರಡು ವರ್ಷದಿಂದ ಕೇಳದೇನೇ ಹಾಕ್ತಾ ಇದೀನಿ. ಯಾಕಂದ್ರೆ ನಂಗೆ ಕಿವಿ ಕೇಳ್ಸಲ್ಲ... ಕೇಳ್ಸಲ್ಲ ಅಂತ ಹೇಳ್ಕೊಳ್ಳೋಕೆ ನಾಚಿಕೆ. ನನ್ನ ಸೊಸೆ ನನ್ನ ಮಾನ ಉಳಿಸೋಕೆ ತನ್ನ ಮೇಲೆ ಹಾಕ್ಕೊಂಡು ಸುಳ್ಳು ಹೇಳಿದಾಳೆ. ಅವಳ ಬಾಯಿ ತಪ್ಪಿದ್ದು ಒಂದೇ ಸಲ, ಅದೂ ನಾನು ಓದಬಾರದ್ದನ್ನ ಓದ್ಸಿದ್ದಕ್ಕೆ. ಅವಳನ್ನ ಯಾರೂ ಒಂದು ಮಾತು ಅನ್ಬೇಡಿ. ಇಷ್ಟೇ."

ಮೈಕು ಆರಿಸುವುದನ್ನು ಮರೆತಿದ್ದರು. ಮುದುಕರು ಉಸಿರೆಳೆದು ಮೂಗೊರೆಸಿಕೊಂಡ ಸದ್ದೂ ಬೀದಿಗೆಲ್ಲ ಕೇಳಿಸಿತು. ಅವಳು ಪೆಟ್ಟಿಗೆಯನ್ನು ಹೊಸ್ತಿಲ ಬಳಿ ಇಳಿಸಿ, ಅದರ ಮೇಲೆಯೇ ಕುಳಿತಳು. ಗಂಡ ಓಡಿಬಂದು ಎದುರು ನಿಂತ. "ಚಹಾ ಮಾಡ್ಲಾ?" ಅಂದ. ಮದುವೆಯಾದಾಗಿನಿಂದ ಅವನು ಹಾಗೆ ಕೇಳಿದ್ದು ಅದೇ ಮೊದಲು, ಸಕ್ಕರೆ ಡಬ್ಬ ಎಲ್ಲಿದೆ ಎಂದು ಅವಳೇ ಹೇಳಬೇಕಾಯಿತು.

ಮಾವನ ಆ ಮಾತುಗಳೇ ರೆಕಾರ್ಡಾಗಿ ಸಂಜೆ ಐದರೊಳಗೆ ಹನ್ನೆರಡು ಗಾಡಿಗಳಲ್ಲಿ ಊರು ಸುತ್ತಿದವು. ಮರುದಿನವೇ ಶಾಸಕರು ಮೈಕ್ ಸೆಟ್ಟಿನ ಕೆಲಸವನ್ನು ಬೇರೆಯವರಿಗೆ ವಹಿಸಿದರು. ಎರಡು ಮದುವೆಯ ಆರ್ಡರುಗಳೂ ಹೋದವು. ಮಾವ ಅವಳ ಎದುರಿಗೆ ಬಂದು, "ಇನ್ನು ಮೇಲೆ ನೀನು ಕೇಳು, ನೀನೇ ಸಹಿ ಹಾಕು," ಅಂದರು. ಅವಳು ಆಗಲಿ ಅಂದಳು. ಜೊತೆಗೆ, "ಚುನಾವಣೆಯದ್ದು ಮಾತ್ರ ಇನ್ನು ಓದಲ್ಲ ಮಾವ," ಅಂದಳು. ಅವರೂ ಆಗಲಿ ಅಂದರು.

ಮತ ಎಣಿಸಿದ ದಿನ ಮಧ್ಯಾಹ್ನಕ್ಕೇ ಎಲ್ಲ ಮುಗಿದಿತ್ತು. ಕುರ್ಚಿಯೂ ಕತ್ತರಿಯೂ ಕೊಡೆಯ ಮತಗಳನ್ನು ಸರಿಪಾಲು ಹಂಚಿಕೊಂಡಿದ್ದವು. ಮೂರು ಸಲ ಠೇವಣಿ ಕಳೆದುಕೊಂಡಿದ್ದ ಮೂರನೆಯವನೊಬ್ಬ, ತನಗೇ ನಂಬಿಕೆ ಬಾರದೆ, ಗೆದ್ದು ಕುಳಿತ. ರಾಜ್ಯದ ತುಂಬ ಹೀಗೇ ಆಗಿದೆಯೆಂದು ಸುದ್ದಿ ಹೇಳುತ್ತಿತ್ತು. ಅವಳು ಊಟಕ್ಕೆ ಬಡಿಸುತ್ತಿದ್ದಾಗ ಬಾಗಿಲಲ್ಲಿ ನೆರಳು ಕಂಡಿತು. ಮೈದುನ. ಚಪ್ಪಲಿ ಬಿಡಬೇಕೋ ಬೇಡವೋ ಎಂದು ತಿಳಿಯದವನಂತೆ ನಿಂತಿದ್ದ.

"ಆ ಸಾಲು ಕೇಳಿದೆ ಅತ್ತಿಗೆ," ಅಂದ ಮೆಲ್ಲಗೆ. "ನಮ್ಮ ಕಚೇರಿ ಮುಂದೆನೇ ಗಾಡಿ ನಿಲ್ಲಿಸ್ಕೊಂಡು ಎರಡು ಸಲ ಹಾಕಿದ್ರು. ಬೇರೆ ಯಾರ ದನಿಯಲ್ಲಿದ್ದಿದ್ರೂ ತಡ್ಕೋತಿದ್ದೆ."

"ಓದಿದೆ ಕಣೋ," ಅಂದಳು. ಬೇರೇನು ಹೇಳಬಹುದಿತ್ತು? ಹೇಳಿದ್ದನ್ನು ವಾಪಸ್ ಕರೆಯಲು ಯಾವ ಗಾಡಿಯನ್ನು ಕಳಿಸುವುದು? "ಒಳಗೆ ಬಾ."

ಮಾವ ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದರು. ಅವನು ಅವರ ಹಿಂದೆ ಬಂದು ನಿಂತ. "ಸೋತೆ ಅಪ್ಪ."

ಅವರು ತುತ್ತು ಕಲಸುತ್ತಲೇ ಇದ್ದರು.

"ಸೋತೆ!"

ಯಾರೋ ಇದ್ದಾರೆನಿಸಿ ತಿರುಗಿದರು. ಮಗನನ್ನು ನೋಡಿ ಕೈ ನಿಂತಿತು. "ಜೋರಾಗಿ ಹೇಳೋ. ನಂಗೆ ಕೇಳ್ಸಲ್ಲ ಅಂತ ಗೊತ್ತಿಲ್ವಾ ನಿಂಗೆ?"

"ಸೋತೆ ಅಪ್ಪಾ!" ಅವನು ಕೂಗಿದ. ಆಚೆ ದರ್ಜಿಯ ಯಂತ್ರ ಮತ್ತೆ ನಿಂತಿತು.

"ನಾವೂ ಸೋತ್ವಿ," ಅಂದರು ಮಾವ, ಅಷ್ಟೇ ಜೋರಾಗಿ. "ಕೂತ್ಕೋ."

ಗಂಡ ಕುರ್ಚಿ ಸರಿಸಿಕೊಟ್ಟ. ಅವಳು ತಟ್ಟೆ ಇಟ್ಟು ಬಡಿಸಿದಳು. ಆಮೇಲೆ ಮೈದುನ ತಟ್ಟೆ ನೋಡುತ್ತ, ಗಡ್ಡದೊಳಗೇ ಏನೋ ಒಂದು ಮಾತು ಆಡಿದ. ಮಾವ ಅವನ ತುಟಿ ಹಿಡಿಯಲಾರದೆ, ಎರಡು ವರ್ಷದ ರೂಢಿಯಂತೆ, ಅವಳತ್ತ ತಿರುಗಿದರು.

"ಏನಂತೆ?"

ಅವಳು ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಇಪ್ಪತ್ತಮೂರು ವರ್ಷ ಈ ಮನೆಯ ಬಾಯಿಯಾಗಿದ್ದಳು, ಎರಡು ವರ್ಷ ಕಿವಿಯೂ ಆಗಿದ್ದಳು. ಮೈಯೆಲ್ಲ ದಣಿದಿತ್ತು.

"ಅವನನ್ನೇ ಕೇಳಿ ಮಾವ," ಅಂದಳು.

ಅಪ್ಪ ಮಗನ ಕಡೆ ನೋಡಿದರು. ಮಗ ಎದ್ದು, ಕುರ್ಚಿಯನ್ನು ಎಳೆದುಕೊಂಡು ಅವರ ಪಕ್ಕಕ್ಕೆ ಹಾಕಿ, ಕಿವಿಯ ಹತ್ತಿರ ಬಾಗಿದ. ಅವನು ಏನು ಹೇಳಿದನೋ, ಅವರು ಏನು ಅಂದರೋ ಅವಳು ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋಗಿ, ಬಾಗಿಲು ಮುಂದಕ್ಕೆ ಮಾಡಿಕೊಂಡು, ಹಾಡುಹಗಲಲ್ಲೇ ಚಾಪೆ ಹಾಸಿಕೊಂಡು ಮಲಗಿದಳು.